ಹಳೆಯ ಸಿನಿಮಾ, ಹೊಸ ಡಿಸ್ಕ್: ತೆರೆಯ ಮೇಲೆ ಹರಿದಾಡುವ ಆ ಮರಳು ಏನು?

ಪ್ರಶ್ನೆ: ಹಳೆಯ ಕಪ್ಪು-ಬಿಳುಪು ಸಿನಿಮಾಗಳೆಂದರೆ ನನಗೆ ಪ್ರಾಣ. ಹದಿನೈದು ವರ್ಷದಿಂದ ಡಿವಿಡಿ ಕೂಡಿಸಿದ್ದೇನೆ. ಈಚೆಗೆ ಅವುಗಳಲ್ಲೊಂದರ ಬ್ಲೂ-ರೇ ತರಿಸಿದೆ. ಹೊದಿಕೆಯ ಮೇಲೆ ‘4ಕೆ ರೆಸ್ಟೋರೇಷನ್’ ಎಂದು ಬರೆದಿದೆ. ಹಾಕಿ ನೋಡಿದರೆ ಚಿತ್ರದ ತುಂಬ ಸಣ್ಣ ಮರಳು ಹರಿದಾಡಿದ ಹಾಗಿದೆ. ಡಿವಿಡಿಯಲ್ಲಿ ಇದು ಇರಲಿಲ್ಲ. ಎರಡೂ ಪಕ್ಕ ಕಪ್ಪು ಪಟ್ಟಿ ಬೇರೆ. ‘ಆ ಕಾಲದಲ್ಲಿ ಎಚ್‌ಡಿ ಎಲ್ಲಿತ್ತು? ಇಲ್ಲದ ಸ್ಪಷ್ಟತೆಯನ್ನು ಎಲ್ಲಿಂದ ತರುತ್ತಾರೆ? ಎಲ್ಲ ಮಾರುವವರ ಮಾತು’ ಅನ್ನುತ್ತಾನೆ ನನ್ನ ತಮ್ಮ. ನಾನು ಮೋಸ ಹೋದೆನೆ? ಉಳಿದ ಸಿನಿಮಾಗಳನ್ನೂ ಮತ್ತೆ ಕೊಳ್ಳಬಹುದೆ? ಕೊಳ್ಳುವ ಮುಂಚೆ ಏನು ನೋಡಬೇಕು?

ಉತ್ತರ: ನೀವು ಮೋಸ ಹೋಗಿಲ್ಲ. ಬರೆದದ್ದನ್ನು ಓದಿದರೆ ಒಳ್ಳೆಯ ಡಿಸ್ಕೇ ಕೈಗೆ ಬಂದಿದೆ ಅನ್ನಿಸುತ್ತದೆ. ಆ ಮರಳು ಸಿನಿಮಾದ್ದೇ. ಪಕ್ಕದ ಪಟ್ಟಿಗಳೂ ಇರಬೇಕಾದವೇ. ಹಳೆಯ ಫಿಲ್ಮುಗಳನ್ನು ತೊಳೆದು, ಹರಿದದ್ದನ್ನು ಅಂಟಿಸಿ, ಸ್ಕ್ಯಾನ್ ಮಾಡುವ ಕೆಲಸದಲ್ಲೇ ನನ್ನ ಹೆಚ್ಚಿನ ವರ್ಷಗಳು ಕಳೆದಿವೆ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಬಂದಾಗೆಲ್ಲ ನನಗೆ ಸಂತೋಷವೇ ಆಗುತ್ತದೆ. ಮರಳು ಕಂಡಿದೆ ಅಂದರೆ ನೀವು ಚಿತ್ರವನ್ನು ಕಣ್ಣಿಟ್ಟು ನೋಡಿದ್ದೀರಿ.

ಮೊದಲು ನಿಮ್ಮ ತಮ್ಮನ ಮಾತು. ಆಗ ಎಚ್‌ಡಿ ಟಿವಿ ಇರಲಿಲ್ಲ, ನಿಜ. ಆದರೆ ಆ ಸಿನಿಮಾಗಳನ್ನು ಯಾರೂ ಟಿವಿಗೆಂದು ತೆಗೆಯಲಿಲ್ಲ, ಚಿತ್ರಮಂದಿರದ ಗೋಡೆಯಗಲದ ಪರದೆಗೆ ತೆಗೆದರು. 35 ಮಿ.ಮೀ. ಫಿಲ್ಮಿನ ಒಂದು ಫ್ರೇಮ್ ಸುಮಾರು 22 ಮಿ.ಮೀ. ಅಗಲ, 16 ಮಿ.ಮೀ. ಎತ್ತರ. ಅಷ್ಟು ಚಿಕ್ಕ ಜಾಗದಲ್ಲಿ ಎಷ್ಟು ಅಡಗಿರುತ್ತದೆ ಎಂದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಬೆಳಕಿನ ಮೇಜಿನ ಮೇಲೆ, ಕ್ಯಾಮೆರಾದಲ್ಲಿ ಓಡಿದ ಮೂಲ ನೆಗೆಟಿವ್ ಹಾಸಿ, ಭೂತಗನ್ನಡಿ ಹಿಡಿದು ಬಗ್ಗಿದೆ. ನಟ ಸೊಂಟದವರೆಗೆ ಕಾಣುವ ಒಂದು ಶಾಟ್. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು, ಮುಖ ಕಪ್ಪು, ಕೂದಲು ಬೆಳ್ಳಗೆ. ಅವನ ಮಣಿಕಟ್ಟಿನ ಮೇಲಿನ ಗಡಿಯಾರದಲ್ಲಿ ಕಪ್ಪು ಡಯಲ್, ಅದರ ಮೇಲೆ ಕೂದಲೆಳೆಯಂಥ ಎರಡು ಬಿಳಿ ಮುಳ್ಳು. ಅದೇ ಸಿನಿಮಾವನ್ನು ಡಿವಿಡಿಯಲ್ಲಿ ಎಷ್ಟೋ ಸಲ ನೋಡಿದ್ದೆ. ಅಲ್ಲಿ ಮಣಿಕಟ್ಟಿನ ಮೇಲೆ ಒಂದು ಬಿಳಿ ಚುಕ್ಕೆ, ಅಷ್ಟೇ.

ಹಾಗಾಗಿ ಸ್ಪಷ್ಟತೆಯನ್ನು ಯಾರೂ ಹೊಸದಾಗಿ ತುಂಬುತ್ತಿಲ್ಲ. ನೆಗೆಟಿವ್‌ನಲ್ಲಿ ಅದು ಮೊದಲಿಂದ ಇತ್ತು, ಮನೆ ಮುಟ್ಟುವ ದಾರಿಯಲ್ಲಿ ಸೋರಿಹೋಗುತ್ತಿತ್ತು. ಡಿವಿಡಿಯ ಒಂದು ಚಿತ್ರದಲ್ಲಿ 720×576 ಅಥವಾ 720×480 ಚುಕ್ಕೆಗಳು, ಅಂದರೆ ನಾಲ್ಕು ಲಕ್ಷದ ಆಚೀಚೆ. ಬ್ಲೂ-ರೇಯಲ್ಲಿ 1920×1080, ಇಪ್ಪತ್ತು ಲಕ್ಷ ದಾಟುತ್ತದೆ. 2016ರಲ್ಲಿ ಬಂದ 4ಕೆ ಡಿಸ್ಕಿನಲ್ಲಿ 3840×2160, ಸುಮಾರು 83 ಲಕ್ಷ. ಇದೆಲ್ಲ ಪಾತ್ರೆಯ ಅಳತೆಯಾಯಿತು. ಪಾತ್ರೆಗೆ ಏನು ಸುರಿದರು ಎಂಬುದು ಬೇರೆಯೇ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಮರಳು. ನಮ್ಮಲ್ಲಿ ಅದನ್ನು ಗ್ರೇನ್ ಅನ್ನುತ್ತೇವೆ. ಫಿಲ್ಮಿನ ಮೇಲೆ ಜೆಲಟಿನ್ ಲೇಪ ಇರುತ್ತದೆ, ಅದರೊಳಗೆ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳು. ಬೆಳಕು ತಾಗಿದ ಹರಳು ಲ್ಯಾಬಿನ ರಾಸಾಯನಿಕದಲ್ಲಿ ಕಪ್ಪು ಬೆಳ್ಳಿಯಾಗಿ ನಿಲ್ಲುತ್ತದೆ, ತಾಗದ್ದು ತೊಳೆದುಹೋಗುತ್ತದೆ. ಕಪ್ಪು-ಬಿಳುಪು ಸಿನಿಮಾದಲ್ಲಿ ನೀವು ನೋಡುವ ಮುಖ, ಮೋಡ, ಗೋಡೆ ಎಲ್ಲವೂ ಈ ಕಣಗಳ ಜೋಡಣೆ. ಕಣಗಳ ಹಿಂದೆ ಇನ್ನೊಂದು ಸ್ವಚ್ಛ ಚಿತ್ರ ಅಡಗಿ ಕೂತಿಲ್ಲ. ಬಟ್ಟೆಯಿಂದ ನೂಲು ತೆಗೆದರೆ ಏನು ಉಳಿಯುತ್ತದೆ? ಪ್ರತಿ ಫ್ರೇಮಿನಲ್ಲೂ ಕಣಗಳು ಬೇರೆ ಬೇರೆ ಕಡೆ ಕೂತಿರುತ್ತವೆ. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಹರಿದಾಡಿದಂತೆ ಕಾಣುವುದು ಅದಕ್ಕೇ.

ಡಿವಿಡಿಯಲ್ಲಿ ಇದು ಕಾಣಲಿಲ್ಲ, ಏಕೆಂದರೆ ಡಿವಿಡಿಯ ಚುಕ್ಕೆಗಿಂತ ಕಣ ಸಣ್ಣದು. ಅಲ್ಪಸ್ವಲ್ಪ ಉಳಿದದ್ದನ್ನೂ ಆ ಕಾಲದ ಕಂಪ್ರೆಷನ್, ಅಂದರೆ ಡಿಸ್ಕಿಗೆ ಹಿಡಿಸಲು ಮಾಹಿತಿಯನ್ನು ಕುಗ್ಗಿಸುವ ಕ್ರಮ, ಕಲಸಿಹಾಕುತ್ತಿತ್ತು. ಬೇಕಾದರೆ ನಿಮ್ಮ ಬ್ಲೂ-ರೇಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ದೃಶ್ಯ ಕರಗುತ್ತ ಇನ್ನೊಂದು ಮೂಡುವ ಕಡೆ, ಇಲ್ಲವೇ ಚಿತ್ರದ ಮೇಲೆ ಹೆಸರುಗಳು ಬರುವ ಕಡೆ ಗಮನವಿಟ್ಟು ನೋಡಿ. ಅಲ್ಲಿ ಗ್ರೇನ್ ಥಟ್ಟನೆ ದಪ್ಪವಾಗಿ, ಚಿತ್ರ ತುಸು ಮಂಕಾದರೆ ಗಾಬರಿಯಾಗಬೇಡಿ. ಅಂಥ ತುಣುಕುಗಳನ್ನು ಅಂದಿನ ಲ್ಯಾಬಿನಲ್ಲಿ ಎರಡು ಫಿಲ್ಮ್ ಸೇರಿಸಿ ಮತ್ತೊಮ್ಮೆ ನಕಲು ಮಾಡುತ್ತಿದ್ದರು, ಒಂದು ತಲೆಮಾರು ಕೆಳಗಿಳಿದ ಚಿತ್ರ ಅದು. ಈ ವ್ಯತ್ಯಾಸ ಡಿಸ್ಕಿನಲ್ಲಿ ಹಾಗೆಯೇ ಉಳಿದಿದ್ದರೆ ಕೆಲಸ ಮಾಡಿದವರು ಪ್ರಾಮಾಣಿಕರು ಎಂದು ತಿಳಿಯಿರಿ.

ನನಗೆ ಸಿಟ್ಟು ಬರುವುದು ಇದರ ಉಲ್ಟಾ ಕೆಲಸ ಕಂಡಾಗ. ಗ್ರೇನ್ ಕಂಡರೆ ಗಿರಾಕಿ ದೂರುತ್ತಾನೆ ಎಂದು ಹೆದರಿ ಕೆಲವು ಕಂಪನಿಗಳು ಸಾಫ್ಟ್‌ವೇರಿನಿಂದ ಅದನ್ನು ಒರೆಸಿಬಿಡುತ್ತವೆ. ಆ ಸಾಫ್ಟ್‌ವೇರ್ ಅಕ್ಕಪಕ್ಕದ ಫ್ರೇಮುಗಳನ್ನು ಹೋಲಿಸಿ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದನ್ನೆಲ್ಲ ಕಸವೆಂದು ಎಣಿಸುತ್ತದೆ. ಚರ್ಮದ ರಂಧ್ರ, ಉಣ್ಣೆಯ ಕೋಟಿನ ನೇಯ್ಗೆ, ಗಡ್ಡದ ಕುರುಚಲು ಇವೆಲ್ಲ ಗ್ರೇನಿನಷ್ಟೇ ಸಣ್ಣವು, ಅದರ ಜೊತೆಗೇ ಹೋಗುತ್ತವೆ. ಉಳಿಯುವುದು ಮೇಣದ ಮುಖ. ‘ಪ್ಯಾಟನ್’ ಸಿನಿಮಾವನ್ನು 65 ಮಿ.ಮೀ. ಫಿಲ್ಮಿನಲ್ಲಿ ತೆಗೆದಿದ್ದರು, ಅಷ್ಟು ದೊಡ್ಡ ನೆಗೆಟಿವ್‌ನಲ್ಲಿ ಗ್ರೇನ್ ಇರುವುದೇ ಕಡಿಮೆ. ಆದರೂ 2008ರ ಬ್ಲೂ-ರೇಯಲ್ಲಿ ಅದನ್ನು ಉಜ್ಜಿ ನುಣುಪು ಮಾಡಿದ್ದರು. ತಿಳಿದವರು ಬಿಡದೆ ಆಕ್ಷೇಪಿಸಿದ ಮೇಲೆ 2012ರಲ್ಲಿ ಸರಿಯಾದ ಡಿಸ್ಕ್ ಬಂತು. ಈಗ ಈ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯೂ ಸೇರಿಕೊಂಡಿದೆ. 2024ರಲ್ಲಿ 4ಕೆ ಡಿಸ್ಕಾಗಿ ಬಂದ ‘ಟ್ರೂ ಲೈಸ್’ನಲ್ಲಿ ಮುಖಗಳು ಅಸಹಜವಾಗಿ ನುಣ್ಣಗಿವೆ, ಅಂಚುಗಳು ಕೆತ್ತಿದಂತಿವೆ ಎಂದು ಬಹಳ ಪ್ರೇಕ್ಷಕರು ದೂರಿದರು. ಇಂಥ ಕಡೆ ನಿಮ್ಮ ತಮ್ಮನ ಅನುಮಾನಕ್ಕೆ ಅರ್ಥವಿದೆ. ನೆಗೆಟಿವ್‌ನಲ್ಲಿ ಇಲ್ಲದ ಗೆರೆಯನ್ನು ಯಂತ್ರ ಊಹಿಸಿ ಬರೆಯುತ್ತದೆ.

ಇಂಥದೊಂದು ತಪ್ಪು ನನ್ನ ಕೈಯಲ್ಲೂ ಆಗಿದೆ. ಒಂದು ಮಳೆಯ ದೃಶ್ಯ. ದೂಳು ತೆಗೆಯುವ ಸಾಫ್ಟ್‌ವೇರನ್ನು ರಾತ್ರಿ ಇಡೀ ಓಡಲು ಬಿಟ್ಟು ಹೋಗಿದ್ದೆ. ಬೆಳಿಗ್ಗೆ ಬಂದು ನೋಡಿದರೆ ನಾಯಕಿ ಒಣ ಅಂಗಳದಲ್ಲಿ ನೆನೆದ ಸೀರೆ ಉಟ್ಟು ನಿಂತಿದ್ದಳು. ಮಳೆಹನಿ ಒಂದೊಂದೂ ಒಂದೇ ಫ್ರೇಮಿನಲ್ಲಿ ಕಾಣುವುದರಿಂದ ಯಂತ್ರ ಅವನ್ನೆಲ್ಲ ದೂಳೆಂದು ಅಳಿಸಿತ್ತು. ಆ ದೃಶ್ಯವನ್ನು ಮೊದಲಿನಿಂದ, ಫ್ರೇಮ್ ಫ್ರೇಮಾಗಿ ಕೈಯಲ್ಲಿ ಮಾಡಿದೆ. ನೂರು ನಿಮಿಷದ ಸಿನಿಮಾ ಅಂದರೆ 1,44,000 ಫ್ರೇಮ್. ಯಂತ್ರ ಇಲ್ಲದೆ ಆಗುವ ಕೆಲಸವಲ್ಲ, ಯಂತ್ರಕ್ಕೇ ಬಿಟ್ಟು ಹೋಗುವ ಕೆಲಸವೂ ಅಲ್ಲ. ಆ ದಿನದಿಂದ ಯಾವ ರೀಲನ್ನೂ ಕಣ್ಣಾಡಿಸದೆ ಮುಂದಕ್ಕೆ ಕಳಿಸಿಲ್ಲ.

ಪಾತ್ರೆಗೆ ಏನು ಸುರಿದರು ಅಂದೆನಲ್ಲ, ಅದಕ್ಕೆ ಬರೋಣ. ನೀವು ಕೇಳಿದ್ದರಲ್ಲೆಲ್ಲ ಮುಖ್ಯವಾದದ್ದು ಇದು. ಕ್ಯಾಮೆರಾದೊಳಗೆ ಓಡಿದ ಫಿಲ್ಮೇ ಮೂಲ ನೆಗೆಟಿವ್. ಅದನ್ನು ಕಾಪಾಡಲೆಂದು ಅದರಿಂದ ಒಂದು ಮಾಸ್ಟರ್ ಪಾಸಿಟಿವ್ (ನೇರ ಚಿತ್ರದ ನಕಲು), ಅದರಿಂದ ಡ್ಯೂಪ್ ನೆಗೆಟಿವ್ (ನಕಲು ನೆಗೆಟಿವ್), ಅದರಿಂದ ಚಿತ್ರಮಂದಿರಕ್ಕೆ ಹೋಗುವ ಪ್ರಿಂಟುಗಳು. ಪ್ರತಿ ಮೆಟ್ಟಿಲಿಗೂ ವಿವರ ಸವೆಯುತ್ತದೆ, ಕಪ್ಪು ಇನ್ನಷ್ಟು ಕಪ್ಪಾಗುತ್ತದೆ, ಹಿಂದಿನ ಮೆಟ್ಟಿಲಿನ ಗೀರು ಚಿತ್ರದೊಳಕ್ಕೇ ಅಚ್ಚಾಗಿ ಸೇರಿಬಿಡುತ್ತದೆ. ಮೂಲ ಫಿಲ್ಮನ್ನು ದ್ರವದೊಳಗೆ ಹಾಯಿಸಿ ಸ್ಕ್ಯಾನ್ ಮಾಡಿದರೆ ಅದರ ಮೇಲಿನ ತೆಳುವಾದ ಗೀರಿನೊಳಗೆ ದ್ರವ ತುಂಬಿಕೊಂಡು ಗೀರು ಮಾಯವಾಗುತ್ತದೆ. ಅಚ್ಚಾದ ಗೀರಿಗೆ ಆ ಉಪಾಯ ನಡೆಯುವುದಿಲ್ಲ. ಸವೆದ ಪ್ರಿಂಟನ್ನು 4ಕೆಯಲ್ಲಿ ಸ್ಕ್ಯಾನ್ ಮಾಡಿದರೆ ಸಿಗುವುದು 4ಕೆ ಗಾತ್ರದ ಸವೆತ.

ಮೂಲ ನೆಗೆಟಿವ್ ಎಲ್ಲ ಸಿನಿಮಾಗಳಿಗೂ ಉಳಿದಿಲ್ಲ. 1950ರ ದಶಕದ ಆರಂಭದವರೆಗೆ ಹೆಚ್ಚಿನ ವೃತ್ತಿಪರ ಫಿಲ್ಮ್ ನೈಟ್ರೇಟ್ ಆಗಿತ್ತು, ಬೆಂಕಿ ಹತ್ತಿದರೆ ಆರಿಸಲಾಗದಂಥದ್ದು. ಆಮೇಲಿನ ಅಸಿಟೇಟ್ ಫಿಲ್ಮ್ ಬೆಂಕಿಗೆ ಅಷ್ಟು ಹೆದರಬೇಕಾದ್ದಲ್ಲ, ಆದರೆ ಸೆಕೆ, ತೇವದಲ್ಲಿಟ್ಟರೆ ಒಳಗಿಂದ ಹುಳಿಯುತ್ತದೆ. ಡಬ್ಬಿ ಮುಚ್ಚಳ ತೆಗೆದ ಕೂಡಲೇ ವಿನೆಗರಿನ ಘಾಟು ಮೂಗಿಗೆ ಹೊಡೆಯುತ್ತದೆ. ಫಿಲ್ಮ್ ಕುಗ್ಗಿ, ಮುರುಟಿ, ಅಂಚು ಅಲೆಅಲೆಯಾಗಿರುತ್ತದೆ. ಆ ವಾಸನೆ ಬಂದಾಗ ಕೋಣೆಯಲ್ಲಿದ್ದವರೆಲ್ಲ ಒಂದು ಕ್ಷಣ ಸುಮ್ಮನಾಗುವುದನ್ನು ನೋಡಿದ್ದೇನೆ. ‘ಸೆವೆನ್ ಸಮುರಾಯ್’ನಂಥ ಸಿನಿಮಾದ ಮೂಲ ನೆಗೆಟಿವ್ ಕೂಡ ಇಂದು ಇಲ್ಲ. ಅದರ ರೆಸ್ಟೋರೇಷನ್ ನಡೆದದ್ದು ನಂತರದ ತಲೆಮಾರಿನ ಫಿಲ್ಮುಗಳಿಂದ. 1927ರ ಜರ್ಮನ್ ಮೂಕಿ ಸಿನಿಮಾ ‘ಮೆಟ್ರೊಪೊಲಿಸ್’ನ ಕಳೆದುಹೋದ ಭಾಗಗಳು 2008ರಲ್ಲಿ ಬ್ಯೂನಸ್ ಐರಿಸ್‌ನ ಒಂದು ವಸ್ತುಸಂಗ್ರಹಾಲಯದಲ್ಲಿ, 16 ಮಿ.ಮೀ.ಗೆ ಇಳಿಸಿದ ನಕಲಿನಲ್ಲಿ ಸಿಕ್ಕವು. ಗೀರುಗಳೆಲ್ಲ ಅಚ್ಚಾಗಿಹೋಗಿದ್ದ ನಕಲು ಅದು. 2010ರಲ್ಲಿ ಬಂದ ಆವೃತ್ತಿಯಲ್ಲಿ ಆ ತುಣುಕುಗಳು ಬಂದಾಗ ಮಳೆ ಸುರಿದಂತೆ ಗೀರು, ಚಿತ್ರವೂ ಚಿಕ್ಕದು. ಎಂಬತ್ತು ವರ್ಷ ಯಾರೂ ಪೂರ್ತಿ ನೋಡಿರದ ಸಿನಿಮಾ ಅದು. ಗೀರಿದ್ದರೇನು, ಎರಡೂ ಕೈಯಲ್ಲಿ ಸ್ವೀಕರಿಸುತ್ತೇನೆ.

ನನ್ನ ಮಟ್ಟಿಗೆ ಈ ವೃತ್ತಿಯ ಶಿಖರ ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ಕೆಲಸ. 1993ರಲ್ಲಿ ಲಂಡನ್ನಿನ ಒಂದು ಲ್ಯಾಬಿಗೆ ಬೆಂಕಿ ಬಿದ್ದು ಮೂರೂ ಸಿನಿಮಾಗಳ ಮೂಲ ನೆಗೆಟಿವ್ ಸುಟ್ಟವು. ಕರಟಿ, ಒಂದಕ್ಕೊಂದು ಅಂಟಿ, ಮುಟ್ಟಿದರೆ ಪುಡಿಯಾಗುವ ಸ್ಥಿತಿ. ಆಗಿನ ತಂತ್ರದಲ್ಲಿ ಅದರಿಂದ ಏನೂ ಮಾಡಲಾಗುತ್ತಿರಲಿಲ್ಲ. ಆದರೂ ಅಮೆರಿಕದ ಅಕಾಡೆಮಿ ಫಿಲ್ಮ್ ಆರ್ಕೈವ್ ಆ ಸುಟ್ಟ ರೀಲುಗಳನ್ನು ಬಿಸಾಡದೆ ಇಟ್ಟುಕೊಂಡಿತು. ಇಪ್ಪತ್ತು ವರ್ಷದ ನಂತರ, 2013ರಲ್ಲಿ, ಹಳೆಯ ಸಿನಿಮಾಗಳ ಡಿಸ್ಕ್ ತರುವ ಕ್ರೈಟೀರಿಯನ್ ಸಂಸ್ಥೆ ಕೆಲಸಕ್ಕಿಳಿಯಿತು. ಇಟಲಿಯ ಬೊಲೋನ್ಯಾದ ಲಿಮ್ಮಾಜಿನೆ ರಿತ್ರೊವಾತಾ ಲ್ಯಾಬಿನವರು ಫಿಲ್ಮಿಗೆ ಮತ್ತೆ ತೇವ ಕುಡಿಸಿ ಮೆತ್ತಗೆ ಮಾಡಿದರು. ಕರಗಿದ ಟೇಪು, ಅಂಟು ಎಲ್ಲ ಕೈಯಿಂದ ಬಿಡಿಸಿದರು, ಮುರಿದ ಅಂಚಿನ ರಂಧ್ರಗಳನ್ನು ಒಂದೊಂದಾಗಿ ಕಟ್ಟಿದರು. ಕೈಕೆಲಸಕ್ಕೇ ಸಾವಿರ ಗಂಟೆಯ ಹತ್ತಿರ ಹಿಡಿಯಿತು. ‘ಪಥೇರ್ ಪಾಂಚಾಲಿ’ಯ ಶೇ. 40ರಷ್ಟು, ‘ಅಪರಾಜಿತೋ’ದ ಶೇ. 60ಕ್ಕೂ ಹೆಚ್ಚು ಭಾಗ ಆ ಸುಟ್ಟ ನೆಗೆಟಿವ್‌ನಿಂದಲೇ ಮರಳಿ ಬಂತು. ಉಳಿದದ್ದನ್ನೂ ‘ಅಪುರ್ ಸಂಸಾರ್’ ಅನ್ನೂ ಬೇರೆ ಬೇರೆ ಸಂಗ್ರಹಗಳಲ್ಲಿದ್ದ ಮಾಸ್ಟರ್ ಪಾಸಿಟಿವ್, ಡ್ಯೂಪ್ ನೆಗೆಟಿವ್‌ಗಳಿಂದ ತುಂಬಿದರು. 2015ರಲ್ಲಿ ಬ್ಲೂ-ರೇ ಬಂತು. ‘ಪಥೇರ್ ಪಾಂಚಾಲಿ’ಯನ್ನು ಎಚ್ಚರವಾಗಿ ನೋಡಿದರೆ ಎಲ್ಲಿ ಮೂಲ, ಎಲ್ಲಿ ನಕಲು ಎಂದು ಗ್ರೇನಿನ ನಯದಲ್ಲೇ ಊಹಿಸಬಹುದು. ಅದರ ಮುದುಕಿ ಇಂದಿರ್ ಠಾಕುರುಣಳ ಮುಖದ ಸುಕ್ಕು ಆ ಡಿಸ್ಕಿನಲ್ಲಿ ಕಾಣುವಷ್ಟು ಹತ್ತಿರದಿಂದ ಹಿಂದಿನ ಯಾವ ಡಿವಿಡಿಯಲ್ಲೂ ನಾನು ಕಂಡಿರಲಿಲ್ಲ.

ಹಾಗಾಗಿ ಕೊಳ್ಳುವ ಮುಂಚೆ ಹೊದಿಕೆಯ ಹಿಂಬದಿ, ಒಳಗಿನ ಪುಸ್ತಿಕೆಯ ಮಾಹಿತಿ ಓದಿ. ಯಾವ ಫಿಲ್ಮನ್ನು ಸ್ಕ್ಯಾನ್ ಮಾಡಿದರು, ಎಲ್ಲಿ, ಯಾವ ವರ್ಷ, ಬಣ್ಣವನ್ನೋ ಬೆಳಕನ್ನೋ ಯಾರು ನೋಡಿ ಒಪ್ಪಿದರು ಎಂದು ಹೇಳಿಕೊಂಡಿದ್ದರೆ ನಂಬಬಹುದು. ಬರಿಯ ‘ರೀಮಾಸ್ಟರ್ಡ್’ ಅನ್ನುವ ಪದಕ್ಕೆ ಬೆಲೆ ಕೊಡಬೇಡಿ. ಹಳೆಯ ಟೇಪನ್ನು ತುಸು ಬೆಳ್ಳಗೆ ಮಾಡಿದರೂ ಹಾಗೆ ಬರೆಯಬಹುದು. ನಿಮ್ಮ ಡಿಸ್ಕಿನ ಮೇಲಿನ ‘4ಕೆ ರೆಸ್ಟೋರೇಷನ್’ ಅಂದರೆ ಸ್ಕ್ಯಾನು, ದುರಸ್ತಿ 4ಕೆಯಲ್ಲಿ ನಡೆಯಿತು ಎಂದರ್ಥ. ಡಿಸ್ಕಿಗೆ ಬಂದದ್ದು 1080 ಸಾಲುಗಳೇ, ಅದರಲ್ಲಿ ಮೋಸವಿಲ್ಲ. ಒಂದೇ ಸಿನಿಮಾದ ಬೇರೆ ಬೇರೆ ಡಿಸ್ಕುಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ವಿಮರ್ಶೆಗಳು ಸಿಗುತ್ತವೆ. ಅವುಗಳಲ್ಲಿ ಕೆನ್ನೆ ನೋಡಿ, ಕೋಟಿನ ಬಟ್ಟೆ ನೋಡಿ, ಕಪ್ಪು ಗೆರೆಯ ಪಕ್ಕ ಬಿಳಿ ಅಂಚು ಮೂಡಿದೆಯೇ ನೋಡಿ. ಬಿಳಿ ಅಂಚು ಇದ್ದರೆ ಯಾರೋ ಕೃತಕವಾಗಿ ಹರಿತ ಮಾಡಿದ್ದಾರೆ. ಬ್ಲೂ-ರೇಗೆ ಎ, ಬಿ, ಸಿ ಎಂಬ ವಲಯಗಳಿವೆ. ನಿಮ್ಮ ಪ್ಲೇಯರಿಗೆ ಹೊಂದುವ ಅಕ್ಷರ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. 4ಕೆ ಡಿಸ್ಕುಗಳಿಗೆ ಈ ತೊಡಕಿಲ್ಲ.

ವರ್ಣಚಿತ್ರ ಕೊಳ್ಳುವಾಗ ಇನ್ನೊಂದು ಎಚ್ಚರ. ‘ನಿರ್ದೇಶಕರೇ ಒಪ್ಪಿದ್ದು’ ಎಂಬ ಮುದ್ರೆ ಸಾಮಾನ್ಯವಾಗಿ ಒಳ್ಳೆಯ ಗುರುತೇ, ಆದರೆ ಅದೇ ಕೊನೆಯ ಮಾತಲ್ಲ. 1971ರ ‘ದ ಫ್ರೆಂಚ್ ಕನೆಕ್ಷನ್’ ಅನ್ನು 2009ರ ಬ್ಲೂ-ರೇಗೆ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಅವರೇ ಬಣ್ಣ ಬದಲಿಸಿ ಕೊಟ್ಟರು. ಅದನ್ನು ಚಿತ್ರೀಕರಿಸಿದ ಓವೆನ್ ರೋಯ್ಜ್‌ಮನ್ ಬಹಿರಂಗವಾಗಿಯೇ ಕಟುವಾಗಿ ಆಕ್ಷೇಪಿಸಿದರು. 2012ರಲ್ಲಿ ಇಬ್ಬರೂ ಕೂತು ಒಪ್ಪಿದ ಬಣ್ಣದಲ್ಲಿ ಮತ್ತೆ ಡಿಸ್ಕ್ ಬಂತು. ನಲವತ್ತು ವರ್ಷದ ನಂತರದ ನಿರ್ದೇಶಕ ಅಂದಿನ ಅದೇ ಮನುಷ್ಯ ಆಗಿರುವುದಿಲ್ಲ. ಜನ ಅಂದು ಕೂತು ನೋಡಿದ ಚಿತ್ರದ ಪರ ನಾನು.

ಪಕ್ಕದ ಪಟ್ಟಿಗಳ ವಿಷಯ ಚಿಕ್ಕದು. 1953ರಲ್ಲಿ ಸಿನೆಮಾಸ್ಕೋಪ್ ಬಂದು ಪರದೆ ಅಗಲವಾಗುವ ಮುಂಚೆ ಸಿನಿಮಾದ ಚೌಕಟ್ಟು 1.37ಕ್ಕೆ 1 ಇತ್ತು, ಚೌಕಕ್ಕೆ ಹತ್ತಿರ. ನಿಮ್ಮ ಟಿವಿ 1.78ಕ್ಕೆ 1. ಪಟ್ಟಿ ಇಲ್ಲದೆ ತೆರೆ ತುಂಬಬೇಕಾದರೆ ಮೇಲೆ ಕೆಳಗೆ ಕತ್ತರಿಸಬೇಕು, ಇಲ್ಲವೇ ಮುಖಗಳನ್ನು ಅಡ್ಡಡ್ಡ ಎಳೆಯಬೇಕು. ಟಿವಿಯ ರಿಮೋಟಿನಲ್ಲಿ ‘ಜೂಮ್’ ಒತ್ತುವ ಆಸೆಯಾದರೆ ದಯವಿಟ್ಟು ತಡೆಯಿರಿ.

ಧ್ವನಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಹಳೆಯ ಸಿನಿಮಾಗಳು ಹೆಚ್ಚಾಗಿ ಮೋನೋ, ಅಂದರೆ ಎಲ್ಲ ಸದ್ದೂ ಒಂದೇ ಧ್ವನಿಪಥದಲ್ಲಿ. ಕೆಲವು ಡಿಸ್ಕುಗಳಲ್ಲಿ ಅದನ್ನು ಆರು ಸ್ಪೀಕರಿಗೆ ಹಂಚಿ, ಹೊಸ ಗುಂಡಿನ ಸದ್ದು, ಹೊಸ ಗುಡುಗು ಸೇರಿಸಿರುತ್ತಾರೆ. ಮೂಲ ಮೋನೋ ಕೂಡ ಇದ್ದರೆ ಅದನ್ನೇ ಆರಿಸಿಕೊಳ್ಳಿ. ಇನ್ನೊಂದು ಸಂಗತಿ: ನಿಮ್ಮ ಡಿವಿಡಿ ಪಾಲ್ ಎಂಬ ಟಿವಿ ಪದ್ಧತಿಯದಾಗಿದ್ದರೆ ಅದರಲ್ಲಿ ಸೆಕೆಂಡಿಗೆ 24ರ ಬದಲು 25 ಫ್ರೇಮ್ ಓಡುತ್ತವೆ. ನೂರು ನಿಮಿಷದ ಸಿನಿಮಾ 96 ನಿಮಿಷಕ್ಕೆ ಮುಗಿಯುತ್ತದೆ, ದನಿಗಳ ಶ್ರುತಿಯೂ ತುಸು ಏರುತ್ತದೆ. ಬ್ಲೂ-ರೇಯಲ್ಲಿ ನಾಲ್ಕು ನಿಮಿಷ ಹೆಚ್ಚು ತೋರಿಸುವುದನ್ನು ಕಂಡು ಹೊಸ ದೃಶ್ಯ ಸೇರಿಸಿದ್ದಾರೆಯೇ ಎಂದು ಕೇಳುವವರಿದ್ದಾರೆ. ದೃಶ್ಯ ಅವೇ, ಸಿನಿಮಾ ತನ್ನ ನಡಿಗೆಗೆ ಮರಳಿದೆ. ವರ್ಷಗಟ್ಟಲೆ ಏರುಶ್ರುತಿಯಲ್ಲಿ ಕೇಳಿದ್ದ ದನಿಯನ್ನು ಅದರದೇ ಶ್ರುತಿಯಲ್ಲಿ ಕೇಳಿದ ದಿನ ನನಗೆ ಆದ ಆನಂದ ಚಿತ್ರದ ಸ್ಪಷ್ಟತೆಗಿಂತ ದೊಡ್ಡದಾಗಿತ್ತು.

ಡಿಸ್ಕ್ ಎಷ್ಟೇ ಒಳ್ಳೆಯದಿರಲಿ, ಟಿವಿಯ ಸೆಟ್ಟಿಂಗ್ ಕೆಡಿಸಬಲ್ಲದು. ಹೊಸ ಟಿವಿಗಳು ಫ್ರೇಮುಗಳ ನಡುವೆ ತಾವೇ ಫ್ರೇಮ್ ಹುಟ್ಟಿಸಿ ಚಲನೆಯನ್ನು ಜಾರುವಂತೆ ಮಾಡುತ್ತವೆ, ಅದನ್ನು ಆಫ್ ಮಾಡಿ. ಗ್ರೇನನ್ನು ಒರೆಸುವ ನಾಯ್ಸ್ ರಿಡಕ್ಷನ್ ಕೂಡ ಆಫ್ ಮಾಡಿ. ಶಾರ್ಪ್‌ನೆಸ್ ಸೊನ್ನೆಯ ಹತ್ತಿರ ತನ್ನಿ. ಹೆಚ್ಚು ಶಾರ್ಪ್‌ನೆಸ್ ಇಟ್ಟ ಟಿವಿಯಲ್ಲಿ ಗ್ರೇನ್ ಒರಟು ಮರಳಾಗಿ ಕಾಣುತ್ತದೆ, ನಿಮಗೆ ಕಂಡದ್ದರಲ್ಲಿ ಸ್ವಲ್ಪ ಪಾಲು ಇದರದೇ ಇರಬಹುದು. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಒಂದೇ ಗುಂಡಿಯಲ್ಲಿ ಇಷ್ಟೂ ಆಗುತ್ತದೆ.

ಉಳಿದ ಸಿನಿಮಾಗಳನ್ನು ಮತ್ತೆ ಕೊಳ್ಳಬೇಕೆ ಅಂದರೆ, ಎಲ್ಲವನ್ನೂ ಬೇಡ. ಮೊದಲು ಕೂರುವ ಜಾಗ ಅಳೆಯಿರಿ. ಸಾಮಾನ್ಯ ಕಣ್ಣಿಗೆ 55 ಇಂಚಿನ ಟಿವಿಯಲ್ಲಿ ಬ್ಲೂ-ರೇಯ ಪೂರ್ತಿ ವಿವರ ಸಿಗುವುದು ಸುಮಾರು 2.2 ಮೀಟರ್ ಒಳಗೆ ಕೂತರೆ. ನಾಲ್ಕು ಮೀಟರ್ ದೂರ ಹೋದರೆ ಡಿವಿಡಿಗೂ ಅದಕ್ಕೂ ವಿವರದಲ್ಲಿ ಹೆಚ್ಚು ಅಂತರ ಉಳಿಯುವುದಿಲ್ಲ. ಕಪ್ಪಿನಿಂದ ಬಿಳಿಗೆ ಹೋಗುವ ಬೂದು ಛಾಯೆಗಳ ನಯ, ಚಲನೆಯ ಸ್ಥಿರತೆ ಮಾತ್ರ ಉಳಿಯುತ್ತವೆ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುವುದಕ್ಕೆ ಖರ್ಚಿಲ್ಲ. ಆಮೇಲೆ, ಬೆಳಕು-ನೆರಳಿನ ಕೆಲಸ ದೊಡ್ಡದಾಗಿರುವ, ಮೂಲ ನೆಗೆಟಿವ್ ಅಥವಾ ಅದಕ್ಕೆ ತೀರ ಹತ್ತಿರದ ಫಿಲ್ಮಿನಿಂದ ಬಂದಿರುವ ಸಿನಿಮಾಗಳನ್ನು ಮೊದಲು ತನ್ನಿ. ಮಾತೇ ಪ್ರಧಾನವಾಗಿ, ಸವೆದ ಪ್ರಿಂಟಿನಿಂದ ಮಾಡಿದ ಡಿಸ್ಕುಗಳಿಗೆ ಕಾಯಬಹುದು. ಇವತ್ತಿಲ್ಲದ ಒಳ್ಳೆಯ ಫಿಲ್ಮ್ ನಾಳೆ ಯಾವುದೋ ಕಪಾಟಿನಲ್ಲಿ ಸಿಕ್ಕೀತು, ಸಿಕ್ಕ ಉದಾಹರಣೆ ಮೇಲೆಯೇ ಇದೆ.

ಹಳೆಯ ಡಿವಿಡಿಗಳನ್ನು ಮಾತ್ರ ಅವಸರದಲ್ಲಿ ಯಾರಿಗೂ ಕೊಟ್ಟುಬಿಡಬೇಡಿ. ಹೊಸ ಡಿಸ್ಕಿನಲ್ಲಿ ಮೂಲ ಮೋನೋ ಧ್ವನಿ ಇದೆಯೆ, ಡಿವಿಡಿಯಲ್ಲಿದ್ದ ಸಂದರ್ಶನ, ಸಾಕ್ಷ್ಯಚಿತ್ರಗಳೆಲ್ಲ ಬಂದಿವೆಯೆ ಎಂದು ಒಂದೊಂದಾಗಿ ಹೋಲಿಸಿ ನೋಡಿ. ಎಷ್ಟೋ ಸಂದರ್ಶನಗಳು ಆ ಒಂದು ಡಿವಿಡಿಯಲ್ಲಿ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ. ಮಾತಾಡಿದವರಲ್ಲಿ ಹಲವರು ಈಗ ಇಲ್ಲ.